ತೋಳಿನ ಅಳತೆ

ಲಗ್ಗೆರೆ ಸೇತುವೆ ಇಳಿದು ಎಡಕ್ಕೆ ಮೂರನೇ ಅಂಗಡಿ.
ಅರ್ಧ ಶಟರು, ಒಂದು ಮಿಷನ್ನು, ಒಂದು ಕನ್ನಡಿ,
ಮೊದಲ ಇಂಚು ಹರಿದುಹೋದ ಟೇಪು.
ಒಂದರಿಂದ ಹಿಡಿದು ಅಳೆದು, ಆಮೇಲೆ ಒಂದು ಕಳೆಯುತ್ತೇನೆ.
ಇಪ್ಪತ್ತೆರಡು ವರ್ಷದಿಂದ ಹೀಗೇ.

ಸುಗುಣಾ ಟೀಚರ್ ಮೊದಲ ಸಲ ಬಂದಾಗ ತೋಳು ಆರು ಇಂಚು.
ಮರೂನ್ ಬಟ್ಟೆ, ಬೆನ್ನಿಗೆ ದಾರ, ದಾರದ ತುದಿಗೆ ಮಣಿ.
ನಡೆದರೆ ಸದ್ದಾಗಬೇಕು ಅಂದಿದ್ದಳು.
ಮರುವರ್ಷ ಗೌರಿ ಹಬ್ಬಕ್ಕೆ ಒಂಬತ್ತು.
ಸಂಕ್ರಾಂತಿಗೆ ಮೊಣಕೈ ದಾಟಿತು.
ಏಪ್ರಿಲ್‌ನಲ್ಲಿ, ಫ್ಯಾನು ಬಿಸಿಗಾಳಿ ತಿರುವುತ್ತಿದ್ದಾಗ,
"ಅಕ್ಕಾ, ಈ ಸಲ ಮಣಿಕಟ್ಟಿನವರೆಗೆ."
ಕತ್ತು?
"ಮುಚ್ಚೇ ಇರಲಿ. ಈಗ ಅದೇ ಫ್ಯಾಷನ್ನು."

ಟೇಪು ಹಿಡಿದ ಬೆರಳಿಗೆ ಗೊತ್ತಾಗುತ್ತದೆ
ಎಲ್ಲಿ ತಾಗಿದರೆ ಮೈ ಉಸಿರು ಹಿಡಿಯುತ್ತದೆಂದು.
ಗೊತ್ತಾಯಿತು.
ಉದ್ದ ತೋಳಿಗೆ ನಲವತ್ತು ರೂಪಾಯಿ ಜಾಸ್ತಿ ತಗೊಂಡೆ.
ಅದನ್ನೂ ಇಲ್ಲಿ ಬರೆದಿಡಬೇಕು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ,
ನಮ್ಮಮ್ಮನ ಮಾತು. ಅವಳೂ ಉದ್ದ ತೋಳಿನವಳೇ.
ಅಂಗಡಿಯ ಮೇಲಿನ ಮನೆಯಲ್ಲಿ
ಉಂಡು ಮಲಗಿದ ಮೇಲೇ ಶುರು.
ಮೊದಲು ಟೀವಿ ಸದ್ದು ಏರುತ್ತದೆ,
ಆಮೇಲೆ ಸ್ಟೂಲು ಎಳೆದ ಹಾಗೆ ಏನೋ,
ಆಮೇಲೆ ನಲ್ಲಿ, ತುಂಬಾ ಹೊತ್ತು.
ಹಬ್ಬದ ಆರ್ಡರು ಮುಗಿಸುತ್ತಾ ಕೂತ ನಾನು
ಪೆಡಲು ಇನ್ನೂ ಜೋರಾಗಿ ತುಳಿಯುತ್ತಿದ್ದೆ.
ಬೆಳಿಗ್ಗೆ ಪರಮೇಶ ಸ್ಕೂಟರು ಒರೆಸುತ್ತಾ
"ತಿಂಡಿ ಆಯ್ತಾ ಅಕ್ಕಾ?" ಅನ್ನುತ್ತಾನೆ.
ಗಣೇಶನ ಚಂದಾ ಲೆಕ್ಕ ಪೈಸೆಗೆ ಪೈಸೆ ಒಪ್ಪಿಸಿದವನು.

ಒಂದು ದಿನ ಬಿಲ್ಲು ಬರೆಯುವಾಗ
ಎದೆ ೩೪, ಸೊಂಟ ೩೦, ಉದ್ದ ೧೪,
ತೋಳು ೧೮೧.
ಓದಿದಳು. ಮಡಚಿ ಪರ್ಸಿಗೆ ಹಾಕಿದಳು.
ಸಂಜೆ ಅವನೇ ಬಂದ, ಬಿಲ್ಲು ಬೀಸುತ್ತಾ.
"ಏನಕ್ಕಾ, ನೂರ ಎಂಬತ್ತೊಂದು ಇಂಚಾ? ಆನೆಗೆ ಹೊಲೀತಿದೀರಾ?"
ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ,
"ವಯಸ್ಸಾಯ್ತಪ್ಪಾ, ಕಣ್ಣು ಕಾಣಲ್ಲ."
ಅವನ ಹಿಂದೆ ಮೆಟ್ಟಿಲ ಮೇಲೆ ನಿಂತವಳು ನಗಲಿಲ್ಲ.
ಏಳನೇ ಕ್ಲಾಸಿನ ಲೆಕ್ಕದ ಟೀಚರು.
ಅದು ಇಂಚಲ್ಲ, ಸಹಾಯವಾಣಿ ಎಂದು
ಅವಳಿಗೆ ಬಿಲ್ಲು ಮಡಚುವಾಗಲೇ ತಿಳಿದಿತ್ತು.

ಬಿಟ್ಟು ಬಾ ಅನ್ನಲಿಲ್ಲ ನಾನು.
ಹೇಳಿದವರು ಮನೆಗೆ ಹೋಗಿ ಮಲಗುತ್ತಾರೆ.
"ಲಂಗದ ಒಳಗೊಂದು ಜೇಬು ಹೊಲಿದುಕೊಡಲಾ?" ಅಂದೆ.
"ಎಷ್ಟು ದೊಡ್ಡದು?"
ಪಾಸ್‌ಬುಕ್ಕು, ಆಧಾರ್ ಕಾರ್ಡು,
ಮಗಳ ಜನನ ಪತ್ರ ನಾಲ್ಕು ಮಡಿಕೆಯಾಗಿ ಹಿಡಿಯುವಷ್ಟು.
ತಾಳಿಯ ಮಾತು ಇಬ್ಬರೂ ತೆಗೆಯಲಿಲ್ಲ.

ಆಮೇಲೊಂದು ರಾತ್ರಿ ಟೀವಿ ಏರಿದಾಗ
ಪೆಡಲಿನಿಂದ ಕಾಲು ತೆಗೆದೆ.
ಮೆಟ್ಟಿಲು ಹತ್ತಿದೆ, ಕೈಯಲ್ಲಿ ಯಾರದೋ ರವಿಕೆ.
ಬೆಲ್ಲು. ಮತ್ತೆ ಬೆಲ್ಲು.
"ಟೀಚರ್‌ದು ಹುಕ್ಕು ಹಾಕೋದು ಮರೆತಿದ್ದೆ."
"ಹತ್ತೂಮುಕ್ಕಾಲಿಗಾ?"
"ಹೌದಪ್ಪಾ. ಅಳತೆ ನೋಡಬೇಕು. ಕೆಳಗೆ ಕಳಿಸು."
ಎರಡು ಗಂಟೆ ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದಳು.
ಹುಕ್ಕು ಹಾಕಿದೆ, ಬಿಚ್ಚಿದೆ, ಹಾಕಿದೆ.
ಆ ರಾತ್ರಿಗೆ ಅಷ್ಟು.

ಹೋದಳು. ಹದಿನಾಲ್ಕು ದಿನಕ್ಕೆ ವಾಪಸ್ಸು ಬಂದಳು.
ಬೀದಿಯೆಲ್ಲ ಕೇಳಿತು, ಮತ್ತೆ ಯಾಕೆ ಬಂದಳಂತೆ?
ಹೊಲಿಗೆ ಬಿಚ್ಚಿ ನೋಡಿದವರು ಕೇಳುವ ಪ್ರಶ್ನೆಯಲ್ಲ ಅದು.
ಎಳೆದರೆ ಬಟ್ಟೆಯೇ ಹೋಗುತ್ತದೆ.
ಮುಂದಿನ ಸಲ ಮಗಳ ಪರೀಕ್ಷೆ ಮುಗಿದ ಮಧ್ಯಾಹ್ನ,
ಸ್ಕೂಲ್ ಬ್ಯಾಗಿನಲ್ಲಿ ಪುಸ್ತಕವಿರಲಿಲ್ಲ.

ನಿನ್ನೆ ಗೊತ್ತಿಲ್ಲದ ನಂಬರಿನಿಂದ ಫೋನು.
ಹಿಂದೆ ರೈಲೋ, ಕುಕ್ಕರೋ, ಶಿಳ್ಳೆ.
"ಅಕ್ಕಾ, ಆ ಮರೂನ್ ರವಿಕೆ ಹಾಕ್ಕೊಂಡೆ. ಬಿಗಿ ಆಗುತ್ತೆ."
"ಎರಡೂ ಕಡೆ ಒಳಗೆ ಬಟ್ಟೆ ಬಿಟ್ಟಿದೀನಿ.
ಅಲ್ಲೇ ಯಾರ ಹತ್ತಿರವಾದರೂ ಬಿಚ್ಚಿಸಿಕೋ.
ಇಲ್ಲಿಗೆ ಬರಬೇಡ."